ಸಣ್ಣಬೀರಯ್ಯನ ಬೆನ್ನು ಒಪ್ಪಿದ ಮಣ್ಣು

ಹಾರನಹಳ್ಳಿಯಲ್ಲಿ ಇನ್ನೂ ಕೋಳಿ ಕೂಗಿಲ್ಲ. ಅರವತ್ತು ದಾಟಿದ ಸಣ್ಣಬೀರಯ್ಯ ಗರಡಿಯ ಕುಸ್ತಿಮಣ್ಣು ಅಗೆದು, ಅಂಗಿ ಬಿಚ್ಚಿಟ್ಟು, ಆ ಮಣ್ಣಿನ ಮೇಲೆ ಬರಿಮೈಯಲ್ಲಿ ಉರುಳ್ತಾರೆ. ಈ ಗೋಡೆಯಿಂದ ಆ ಗೋಡೆಗೆ. ಕಲ್ಲು ಚುಚ್ಚಿದ ಕಡೆ ನಿಲ್ತಾರೆ, ಆರಿಸಿ ಎಸೀತಾರೆ, ಮತ್ತೆ ಉರುಳ್ತಾರೆ. ಪೈಲ್ವಾನರು ಬರೋದು ಆಮೇಲೆ.

ಜರಡಿ ಹಿಡಿಯಬಾರದಾ ಅಂದ್ರೆ ನಗ್ತಾರೆ. "ಜರಡಿಗೆ ನೋವಾಯ್ತದಾ ಸ್ವಾಮಿ? ನೋವಾಗ್ದೋರ್ಗೆ ಕಲ್ಲು ಎಂಗೆ ಗೊತ್ತಾದದು?"

ಅವರಿಗೂ ಕುಸ್ತಿಯ ಆಸೆ ಇತ್ತು. ಹರೆಯದಲ್ಲೇ ಮಂಡಿ ಹೋಯ್ತು, ಮಣ್ಣು ಉಳೀತು. ಬೆಳಗಾದ ಮೇಲೆ ಹೊಗೆಸೊಪ್ಪು ಒಣಗಿಸೋ ಬ್ಯಾರನ್‌ನಲ್ಲಿ ಕೂಲಿ. ಗರಡಿಯಿಂದ ಸಿಗೋದು ವರ್ಷಕ್ಕೊಂದು ಪಂಚೆ. "ಇವ್ರ ಬೆನ್ನು ಉಜ್ಜಿದ ಮಣ್ಣೇ ಹಿತ್ಲಲ್ಲಿ ಗುಡ್ಡ ಆಗದೆ" ಅಂತಾರೆ ಹೆಂಡತಿ ತಿಮ್ಮಮ್ಮ. ಹಿತ್ತಲಲ್ಲಿ ಗುಡ್ಡ ಇರೋದಂತೂ ನಿಜ. ಕುಂಬಳಬಳ್ಳಿ ಹಬ್ಬಿದೆ.

ಹೋದ ಮಾಗಿಯಲ್ಲಿ ಒಂದು ಬೆಳಗ್ಗೆ ಬೆನ್ನಿಗೆ ಚುಚ್ಚಿದ್ದು ಕಲ್ಲಲ್ಲ, ಇಂಜೆಕ್ಷನ್ ಸೂಜಿ. ಪಕ್ಕದಲ್ಲೇ ಖಾಲಿ ಸೀಸೆ. ಔಷಧದಂಗಡಿಯವನು ಓದಿ ಹೇಳಿದ: ಸ್ಟಾನೊಜೊಲಾಲ್. ಮಾಂಸಖಂಡ ಬೆಳೆಸೋ ಸ್ಟೆರಾಯ್ಡ್, ಆಟಗಾರರಿಗೆ ನಿಷೇಧ, ಲಿವರ್ ಕೆಡುತ್ತೆ, ಹೃದಯಕ್ಕೂ ಏಟು.

ಯಾರದು ಅಂತ ಸಣ್ಣಬೀರಯ್ಯ ಯಾರನ್ನೂ ಕೇಳಲಿಲ್ಲ. ಮರುದಿನ ಪೈಲ್ವಾನರನ್ನ ಸಾಲಾಗಿ ನಿಲ್ಲಿಸಿದ್ರು. "ನನ್ ಬೆನ್ನು ಉಣ್ಣಾಗದೆ. ಇವತ್ತು ನೀವು ಉರುಳಿ ಕಣ್ರಲಾ. ಮೂಲೆಮೂಲೆನೂ ಬುಡ್ಬ್ಯಾಡಿ."

ಎಲ್ಲರೂ ಉರುಳಿದ್ರು. ಕೊನೆಗೆ ತಮ್ಮನ ಮಗ ಚಲುವರಾಜು. ಗರಡಿಯ ಹೆಮ್ಮೆ ಅವನು. ಆರು ತಿಂಗಳಲ್ಲಿ ಎಷ್ಟು ಉಬ್ಬಿದ್ದ ಅಂದ್ರೆ ಬಾಗಿಲಲ್ಲಿ ಅಡ್ಡಡ್ಡ ನುಸುಳಬೇಕು, ಸೀನಿದ್ರೆ ಹೆಂಚು ಜಾರ್ತಿತ್ತು. ಜಾರಿದ ಹೆಂಚು ಈಗಲೂ ಅಲ್ಲೇ ಇವೆ. ಚೆನ್ನಾಗೇ ಉರುಳಿ ಬಂದವನು ದೇವರ ಮೂಲೆ ಹತ್ರ ನಿಂತುಬಿಟ್ಟ.

"ಯಾಕ್ಲಾ ಚಲುವ, ಅಲ್ಲೇನು ಆವು ಮಲಗದಾ?"

ಆ ಮೂಲೆಗೆ ಗುದ್ದಲಿ ತಾಕಿಸೋ ಹಾಗಿಲ್ಲ ಅನ್ನೋದು ಗರಡಿಯ ಪದ್ಧತಿ. ಅದಕ್ಕೇ ಚಲುವರಾಜು ಸೂಜಿಗಳನ್ನ ಅಲ್ಲೇ ಹೂತಿದ್ದ. ಹೆಗ್ಗಣಕ್ಕೆ ಪದ್ಧತಿ ಗೊತ್ತಿರಲಿಲ್ಲ, ಕೆದಕಿ ಒಂದನ್ನ ಆಚೆ ಎಳೆದಿತ್ತು.

"ನೀನೇ ಊತಿರೋದು, ನೀನೇ ಕೀಳು. ಬರಿಗೈಲಿ."

ಚಲುವರಾಜು ಕೀಳ್ತಾ ಕೀಳ್ತಾ ಅತ್ತ. "ದೊಡ್ಡಪ್ಪ, ಬರೋ ತಿಂಗ್ಳು ಪಿರಿಯಾಪಟ್ಣದ ಪೈಲ್ವಾನ ಇಲ್ಲಿಗೇ ಬತ್ತಾವ್ನೆ. ಇದಿಲ್ದಿದ್ರೆ ಸೋತೋಯ್ತೀನಿ."

"ಸೋಲು. ಸೋತೋನು ಎದ್ದು ನಡ್ಕೊಂಡು ಬತ್ತಾನೆ. ಸತ್ತೋನ್ನ ಒತ್ಕಂಡು ಓಗ್ಬೇಕು, ನನ್ ಮಂಡಿಗೆ ಆಗಕಿಲ್ಲ."

ಗರಡಿಯ ಬೀಗದಕೈ ಅವತ್ತಿಂದ ಅವರ ಉಡಿದಾರದಲ್ಲೇ ಇದೆ. ಚಲುವರಾಜು ಸೂಜಿ ಬಿಟ್ಟ, ಮೈ ಇಳೀತು. ಕುಸ್ತಿಯ ದಿನ ಊರೆಲ್ಲಾ ನೋಡ್ತಿದ್ದಂಗೇ ಪಿರಿಯಾಪಟ್ಟಣದವನು ಅವನನ್ನ ಅಂಗಾತ ಕೆಡವಿದ. ಮರುದಿನ ಕತ್ತಲಲ್ಲೇ ಚಲುವರಾಜು ಗರಡಿಗೆ ಬಂದ, ಬಾಗಿಲಲ್ಲಿ ನೇರವಾಗಿ. ಈಗ ದೊಡ್ಡಪ್ಪನ ಜೊತೆ ದಿನಾ ಉರುಳ್ತಾನೆ.

ಹುಡುಗ ಸೋತಿದ್ದಕ್ಕೆ ನಿಮಗೆ ಬೇಸರ ಇಲ್ವಾ ಅಂದೆ.

ಸಣ್ಣಬೀರಯ್ಯ ಬೆನ್ನು ಕೊಡವ್ಕೊಂಡು ಏಳ್ತಾರೆ. "ಕುಸ್ತಿ ಅಂದ್ಮೇಲೆ ಒಬ್ಬ ಬೀಳ್ಲೇಬೇಕು ಕಣ್ರೀ. ಬಿದ್ದೋನ್ ಬೆನ್ಗೆ ಮಣ್ಣು ಮೆತ್ತಿತ್ತು, ನಾನೇ ಒರೆಸ್ದೆ. ಬರೀ ಮಣ್ಣು."