ನಾನು ನೋಡದ ಕಾರ್ಟೂನಿನ ಕೊನೆ

"ಕಾಕಾ, ಸಣ್ಣಾಕಿ ಇದ್ದಾಗ ನೀವು ನನಗ ಸುಳ್ಳು ಹೇಳಿದ್ರಿ." ಮಾನ್ವಿ ಪಟ್ಟಣದ ನನ್ನ ಆಟಿಕೆ ಅಂಗಡಿಯಲ್ಲಿ ಮಗಳ ಕೈಹಿಡಿದು ನಿಂತ ಹೆಣ್ಣುಮಗಳು ಹೀಗೆಂದಾಗ, ಮಾಲಿನ ತಕರಾರೇ ಇರಬೇಕೆಂದು ಮಾತಿಗೆ ಸಜ್ಜಾದೆ.

ಆಕೆ ಹತ್ತಿರದ ಪೋತ್ನಾಳ ಊರಿನವಳು. ಆಕೆ ಚಿಕ್ಕವಳಿದ್ದಾಗ ನಾನು ಸೈಕಲ್ ಮೇಲೆ ಊರೂರು ತಿರುಗಿ ಆಟಿಕೆ ಮಾರುತ್ತಿದ್ದೆ. ಆಟಿಕೆ ಕುದುರೆಗಳನ್ನೇ ಕಾರ್ಟೂನ್ ಮಾಡಿ ಒಂದು ಸಂಜೆ ಟಿವಿಯಲ್ಲಿ ತೋರಿಸಿದ್ದರು. ಅದರಲ್ಲಿ ಮರಿ ಕುದುರೆ ತಾಯಿಯಿಂದ ತಪ್ಪಿಸಿಕೊಳ್ಳುವಷ್ಟರಲ್ಲಿ ಊರಿನ ಕರೆಂಟು ಹೋಯಿತು. ಮರುದಿನ ಅಂಥವೇ ಕುದುರೆ ಮಾರಲು ಹೋದ ನನ್ನನ್ನು, "ಮರಿ ಸಿಕ್ಕಿತೇನ್ರೀ?" ಎಂದು ಈಕೆ ಅಳುತ್ತ ಕೇಳಿದ್ದಳು. ನಾನದನ್ನು ನೋಡಿರಲೇ ಇಲ್ಲ. "ಸಿಕ್ತವ್ವಾ, ಅವರವ್ವನ ಬೆನ್ನಮ್ಯಾಲೆ ಕುಂತು ಮನಿಗಿ ಬಂತು" ಎಂದು ಕುದುರೆ ಮಾರಿದ್ದೆ.

"ಮೊನ್ನಿ ಮೊಬೈಲಿನಾಗ ಪೂರಾ ನೋಡಿದ್ವಿ ಕಾಕಾ. ಮರಿ ಬ್ಯಾರೆ ಹಿಂಡು ಸೇರ್ತದ. ಆವಾಗಿಂದ ಈಕಿ ಅಳಾಕತ್ತಾಳ. ನಿಮ್ಮ ಕಥಿ ಒಮ್ಮಿ ಹೇಳ್ರಿ."

ಗಿರಾಕಿಗಳನ್ನು ನಿಲ್ಲಿಸಿ ಹೇಳಿದೆ. ಮಗು ಕಣ್ಣೊರೆಸಿಕೊಂಡು, "ಆಮ್ಯಾಲೆ?" ಎಂದಿತು. ಮರಿಗೆ ಹುಲ್ಲು ತಿನ್ನಿಸಿ ಮಲಗಿಸುವವರೆಗೂ ಬಿಡಲಿಲ್ಲ.

ವ್ಯಾಪಾರಕ್ಕೆ ಕೂರುವವರಿಗೆ ನನ್ನದೊಂದು ಸಲಹೆ: ಮಕ್ಕಳಿಗೆ ಯೋಚಿಸಿ ಉತ್ತರ ಕೊಡಿ. ಅಂದು ಮಾರಿದ ಕುದುರೆ ವಾರದಲ್ಲೇ ಮುರಿಯಿತಂತೆ. ಪುಕ್ಕಟೆ ಕೊಟ್ಟ ಮಾತು ಇನ್ನೂ ಬಾಳಿಕೆ ಬರುತ್ತಿದೆ.