ಚೆಂಡುಹೂವಿನ ಬಣ್ಣದ ಉಕ್ಕು

ಮಂಡಿ ಗೋಬಿಂದಗಢದ ಆ ಉಕ್ಕಿನ ಮಿಲ್ಲಿನಲ್ಲಿ ಕುಲುಮೆ ಕಾಯುವ ಭಟ್ಟಿ ಮಿಸ್ತ್ರಿ ನಛತ್ತರ್ ಸಿಂಗ್ ಸಲಾಕೆಯಿಂದ ಭಟ್ಟಿಯ ಬಾಗಿಲಿಗೆ ಮೂರು ಸಲ ಬಡಿಯುವ ತನಕ ಕಾದ ಉಕ್ಕಿನ ಒಂದು ದಿಂಡೂ ಹೊರಗೆ ಬರುತ್ತಿರಲಿಲ್ಲ. ಉಕ್ಕು ಚೆಂಡುಹೂವಿನ ಬಣ್ಣಕ್ಕೆ ತಿರುಗಬೇಕು. ಅವಸರ ಮಾಡಿದರೆ ದಿಂಡನ್ನು ಒತ್ತಿ ಎಳೆಯುವ ರೋಲು ಮುರಿಯುತ್ತದೆ, ತಡವಾದರೆ ಉಕ್ಕು ಸುಟ್ಟು ಸಿಪ್ಪೆ ಏಳುತ್ತದೆ. ಮೂವತ್ತೊಂದು ವರ್ಷ ಆ ಬಣ್ಣವನ್ನು ಬರಿಗಣ್ಣಲ್ಲೇ ಹಿಡಿದವನು ಅವನು.

ಈ ವರ್ಷ ಕಲ್ಲಿದ್ದಲು ಹೋಗಿ ಗ್ಯಾಸಿನ ಭಟ್ಟಿ ಬಂತು. ಸೊಸೆ ರೂಪಿಂದರ್‌ಗೆ ಹೋದ ಜೀವ ಬಂದಂತಾಯಿತು. ಮಿಲ್ಲಿನ ಗೋಡೆಗಂಟಿದ ಮನೆ. ಒಣಹಾಕಿದ ಬಟ್ಟೆಯ ಮೇಲೆಲ್ಲ ಮಸಿ, ಎಂಟು ತಿಂಗಳ ಕೂಸಿಗೆ ಬಿಡದ ಕೆಮ್ಮು. ಈಗ ಮೂರು ವಾರದಿಂದ ಕೆಮ್ಮಿಲ್ಲ. ಆದರೂ ಅವಳು ರಾತ್ರಿ ಎದ್ದೆದ್ದು ಕೂಸಿನ ಎದೆಗೆ ಕಿವಿಗೊಡುತ್ತಿದ್ದಳು.

ಗ್ಯಾಸಿನ ಜೊತೆ ಕಾವು ಅಳೆಯುವ ಒಂದು ಮೀಟರೂ ಬಂತು, ಇಂಧನ ಉಳಿಸುವುದನ್ನು ಕಲಿಸಲು ಮೆಹಕ್ ಎಂಬ ಇಂಜಿನಿಯರ್ ಹುಡುಗಿಯೂ ಬಂದಳು.

"ಸಾವಿರದ ಇನ್ನೂರು ಡಿಗ್ರಿ ದಾಟಿದೆ ಬಾಬಾಜಿ, ಬಡೀರಿ."

"ನಿನ್ನ ಮೀಟರಿಗೆ ಇನ್ನೂ ಹಾಲುಹಲ್ಲು, ಪುತ್ತರ್. ಇದು ಬೆಂದಿಲ್ಲ."

ಹದಿನೈದು ದಿನಕ್ಕೆ ಅವನ ಪಾಳಿಯ ಸಿಪ್ಪೆಯ ರಾಶಿ ಇನ್ನೊಂದು ಪಾಳಿಯ ರಾಶಿಯ ಎರಡರಷ್ಟಾಯಿತು. ಮಾಲೀಕ ಲಾಲಾಜಿ ಬಯ್ಯಲಿಲ್ಲ. "ದೀವಾಳಿ ಮುಗೀಲಿ, ನೋಡೋಣ" ಎಂದ. ಬಯ್ಯದಿದ್ದದ್ದೇ ನಛತ್ತರನ ನಿದ್ದೆ ಕೆಡಿಸಿತು.

ದೀಪಾವಳಿಯ ಮರುದಿನ ವಿಶ್ವಕರ್ಮ ಪೂಜೆ. ಭಟ್ಟಿ ಆರಿಸಿ, ಎಲ್ಲರೂ ತಮ್ಮ ಹತಾರಗಳನ್ನು ದೇವರ ಮುಂದಿಡುವ ದಿನ. ಸಲಾಕೆಗೆ ಹಾಕಲೆಂದು ರೂಪಿಂದರ್ ಮಾವನಿಗೆ ಚೆಂಡುಹೂವಿನ ಹಾರ ಕೊಟ್ಟಳು.

"ಬಾಡಿದ್ದನ್ನು ಯಾಕೆ ತಂದಿದ್ದೀ? ಎಲ್ಲ ಕಂದಾಗಿ ಹೋಗಿದೆ."

ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಪಾಪಾಜಿ, ಈಗಷ್ಟೇ ಕೊಯ್ದಿದ್ದು. ಇಬ್ಬನಿ ಕೂಡ ಆರಿಲ್ಲ."

ನಛತ್ತರ್ ಹೂವನ್ನು ಮುಟ್ಟಿದ. ಒದ್ದೆ, ಎಸಳು ಬಿಗಿಯಾಗಿತ್ತು. ಬಿಸಿಲಿಗೆ ಹಿಡಿದ. ಆಗಲೂ ಕಂದೇ.

"ನನ್ನ ಕಣ್ಣಿನ ವಿಷಯ ಯಾರಿಗೂ ಹೇಳಬೇಡ," ಎಂದ ಕೊನೆಗೆ.

"ಹೇಳಲ್ಲ. ಆದ್ರೆ ನಿಮ್ಮ ಪಾಳಿಯ ಸಿಪ್ಪೆ ನೋಡಿ, ಗ್ಯಾಸು ಉಕ್ಕನ್ನ ಬಹಳ ಸುಡುತ್ತೆ ಅಂತ ಲಾಲಾಜಿ ಮತ್ತೆ ಕಲ್ಲಿದ್ದಲು ಹಾಕಿಸಿಬಿಟ್ರೆ, ಪಾಪಾಜಿ?" ಅವಳ ಕೈ ಕೂಸಿನ ಬೆನ್ನನ್ನು ಸುಮ್ಮನೆ ಸವರುತ್ತಿತ್ತು.

ಮರುದಿನ ಭಟ್ಟಿ ಹೊತ್ತಿತು. ಕಿಂಡಿಯಲ್ಲಿ ಇಣುಕಿದರೆ ದಿಂಡು ಅವನಿಗೆ ನಿನ್ನೆಯ ಹೂವಿನಂತೆಯೇ ಕಂದಾಗಿ ಕಂಡಿತು. ಲಾಲಾಜಿ ಹಿಂದೆಯೇ ನಿಂತಿದ್ದ.

"ಮೆಹಕ್ ಪುತ್ತರ್," ನಛತ್ತರ್ ತಿರುಗದೆ ಕೇಳಿದ, "ಮೀಟರ್ ಏನನ್ನುತ್ತೆ? ಓದಿ ಹೇಳು."

ಅವಳು ಮೀಟರಿನತ್ತ ಬಾಗಿದಳು. "ಸಾವಿರದ ಇನ್ನೂರು, ಬಾಬಾಜಿ."

ಅವನು ಮೂರು ಸಲ ಬಡಿದ. ಮುರಿಯುವ ಸದ್ದಿಗಾಗಿ ಮೈಯೆಲ್ಲ ಕಿವಿಯಾಗಿ ನಿಂತ. ದಿಂಡು ರೋಲಿನಡಿ ನುಣ್ಣಗೆ ಜಾರಿಹೋಯಿತು. ಸಿಪ್ಪೆ ಒಂದು ಹಿಡಿಯೂ ಉದುರಲಿಲ್ಲ.

"ಹಂಗಾದ್ರೆ ಸರ್ದಾರ್‌ಜಿ," ಲಾಲಾಜಿ ನಕ್ಕ, "ಇನ್ಮೇಲೆ ಮೀಟರ್ ಓದೋರು ಒಬ್ರಿದ್ರೆ ಸಾಕಲ್ಲ, ಬಣ್ಣ ನೋಡೋರು ಯಾಕೆ?"

ನಛತ್ತರ್ ಸಲಾಕೆ ಹಿಡಿದು ಮತ್ತೆ ಭಟ್ಟಿಯ ಬಾಗಿಲ ಬಳಿ ನಿಂತ. ಮುಂದಿನ ದಿಂಡಿಗೆ ಮೆಹಕ್ ಮತ್ತೆ ಸಂಖ್ಯೆ ಓದಿದಳು.