ಜೀಪಿನ ಹೆಗಲಿನ ಭಾರ

ಗ್ರೀಸು ಹಳತಾದರೆ ಎಂಥ ವಾಸನೆ ಬರುತ್ತದೆ, ನಿಮಗೆ ಗೊತ್ತೇ? ಕುಸುಬೆ ಎಣ್ಣೆ ಕಮಟಿದ ಹಾಗೆ. ಹೋದ ವಾರ ಲಕಮನಹಳ್ಳಿಯ ವೆಲ್ಡಿಂಗ್ ಮೇಸ್ತ್ರಿ ಬಾಬುಸಾಬ, ಅಂಗಡಿ ಮುಚ್ಚುವಾಗ ಒಂದು ಗೋಣಿಚೀಲದ ಗಂಟನ್ನು ನನ್ನ ಮನೆಗೆ ಕಳಿಸಿದ. ಬಿಚ್ಚಿದರೆ ತೋಳುದ್ದದ ಎರಡು ಉಕ್ಕಿನ ಪಟ್ಟಿಗಳು, ಮೈತುಂಬ ಗ್ರೀಸು. ಎಂಟು ವರ್ಷದ ಹಿಂದೆ ನಾನು ಬೇಡವೆಂದು ಬಿಟ್ಟು ಬಂದವು. ಹೆಂಡತಿ "ಏನ್ರಿ ಇವು?" ಎಂದಳು. ಜೀಪಿನವು ಎಂದು ಹೇಳಿ ಗಂಟು ಕಟ್ಟಿದೆ.

ಜೀಪು ಕಾಕಾನದು, ಅಂದರೆ ನನ್ನ ತಂದೆಯ ತಮ್ಮನದು. ಮೂವತ್ತು ವರ್ಷ ಸರಕಾರಿ ಜೀಪು ಓಡಿಸಿ, ಒಂದು ಗೀರೂ ಬೀಳಿಸದೆ ನಿವೃತ್ತನಾದವನು. ಊರೂರು ಸುತ್ತಿದ ಈ ಮನುಷ್ಯನ ಹೆಂಡತಿ ಮಾತ್ರ ಧಾರವಾಡ ದಾಟಿ ಒಂದು ರಾತ್ರಿ ಉಳಿದವಳಲ್ಲ. ಕಾಕು ಬೆಳಿಗ್ಗೆ ಮಿಂದು ಲಿಂಗಪೂಜೆ ಆಗದೆ ನೀರು ಮುಟ್ಟುವವಳಲ್ಲ. ಲಾಡ್ಜಿನಲ್ಲಿ ಲಿಂಗ ತೆಗೆಯುವುದು ಅವಳಿಂದಾಗದು. "ಯಾರ್ಯಾರೋ ಮಲಗಿದ ಖೋಲಿ ಅದು" ಎನ್ನುವಳು. ಅದಕ್ಕೇ ಕಾಕಾ, ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಹರಾಜಿನ ಹಳೆ ಜೀಪೊಂದನ್ನು ಕೊಂಡು, ಅದರ ಹಿಂದೆ ಎಳೆಯಲು ಎರಡು ಗಾಲಿಯ ಪುಟ್ಟ ಮನೆ ಕಟ್ಟಿಸಿದ. ಒಂದು ಮಂಚ, ಒಂದು ಸ್ಟೋವು, ಪೂಜೆಗೊಂದು ಹಲಗೆ. ಕಾಕು ನೋಡಿ, "ಇದು ಮನಿ ಅಲ್ಲ, ಪೆಟಗಿ" ಎಂದು ನಕ್ಕಳು. ಮರುದಿನ ಅದರ ಮೆಟ್ಟಿಲ ಮುಂದೆ ರಂಗೋಲಿ ಇತ್ತು.

ಮನೆಯನ್ನು ಜೀಪಿಗೆ ಕೂಡಿಸುವ ಕೊಂಡಿ ಆರಿಸುವ ಕೆಲಸ ನನಗೆ ಬಂತು. "ನೀ ಸಾಲ್ಯಾಗ ತಕ್ಕಡಿ ಪಾಠ ಹೇಳಾಂವ, ನೀನ ನೋಡು" ಎಂದ ಕಾಕಾ. ತಕ್ಕಡಿಯ ಪಾಠ ಹೇಳುವವನಿಗೆ ತೂಕ ಗೊತ್ತಿರುತ್ತದೆ ಎಂದು ನಾನೂ ನಂಬಿದ್ದೆ ನೋಡಿ.

ಬಾಬುಸಾಬ ಗಲ್ಫಿನಲ್ಲಿ ಹತ್ತು ವರ್ಷ ದುಡಿದು ಬಂದವನು. ಅಲ್ಲಿ ಇಂಥ ಮನೆಗಳನ್ನು ಎಳೆಯುವುದನ್ನು ಕಂಡಿದ್ದ. "ಮಾಸ್ತರ, ಬರೇ ಉಕ್ಕಿನ ಗುಂಡಿನ ಕೊಂಡಿ ಹಾಕಿದ್ರ ಜೀಪಿನ ಹಿಂಭಾಗ ಕುಂದರತೈತ್ರಿ. ಅದರ ಜೋಡಿ ಎರಡು ಪಟ್ಟಿ ಬಿಗದ್ರ ಭಾರ ಮುಂದಿನ ಗಾಲಿಗೂ ಹಂಚಿಹೋಗತೈತಿ. ಪಟ್ಟಿ ಇಲ್ಲೇ ಅದಾವ, ಕೂಡಸಾಕ ಎಂಟು ದಿನ ಕೊಡ್ರಿ."

ಎಂಟು ದಿನ ಎಲ್ಲಿಯದು? ಕೂಡಲಸಂಗಮಕ್ಕೆ ಹೊರಡಲು ಕಾಕು ಶ್ರಾವಣದ ಮೊದಲ ಸೋಮವಾರ ಹಿಡಿದಿದ್ದಳು. "ಬರೇ ಗುಂಡು ಹಾಕು. ಮನಿಯೊಳಗಿನ ಭಾರ ಹಿಂದ ಸರಸ್ತೀನಿ" ಎಂದೆ. ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. "ಹಂಗ ಮಾತ್ರ ಮಾಡಬ್ಯಾಡ್ರಿ. ಮನಿ ಹಿಂದ ಭಾರ ಆದ್ರ ಅದು ಆ ಕಡೆ ಈ ಕಡೆ ಬಾಲ ಹೊಡಿತೈತಿ. ಇಳಿಜಾರಿನ್ಯಾಗ ಯಾರ ಕೈಗೂ ಸಿಗೂದಿಲ್ಲ."

ನಾನು ಗರಗದಲ್ಲಿ ಒಕ್ಕಲುತನ ಮಾಡುವವನ ಮಗ. ನಮ್ಮಪ್ಪ ಚಕ್ಕಡಿಗೆ ಜೋಳದ ಚೀಲ ಹೇರಿದ ಮೇಲೆ ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದ. ಏಳದಿದ್ದರೆ ಒಂದು ಚೀಲ ಹಿಂದಕ್ಕೆ. ಎತ್ತಿನ ಹೆಗಲ ಮೇಲೆ ಭಾರ ಬಿಡುವವನನ್ನು ಮನುಷ್ಯನೆಂದೇ ಅವನು ಎಣಿಸುತ್ತಿರಲಿಲ್ಲ. ಹೇರುವುದನ್ನು ನನಗೆ ವೆಲ್ಡಿಂಗಿನವನು ಕಲಿಸಬೇಕೇ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಮನೆಯನ್ನು ಕೊಂಡಿಗೆ ಸಿಕ್ಕಿಸಿದರೆ ಜೀಪು ಹಿಂದೆ ಕುಸಿಯಿತು. ನೀರಿನ ಡ್ರಮ್ಮು, ಹಿಟ್ಟಿನ ಡಬ್ಬಿ, ಪಾತ್ರೆಯ ಟ್ರಂಕು ಎಲ್ಲವನ್ನೂ ಹಿಂದಿನ ಗೋಡೆಗೆ ಸರಿಸಿದೆ. ಜೀಪು ನೆಟ್ಟಗಾಯಿತು. ಕೊಂಡಿ ಬಿಚ್ಚಿ ಮನೆಯ ಮೂತಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿದೆ, ಸಲೀಸಾಗಿ ಎದ್ದಿತು. ಅಪ್ಪ ಇದ್ದಿದ್ದರೆ ಭೇಷ್ ಅನ್ನುತ್ತಿದ್ದ.

"ಮೇಸ್ತ್ರಿ ಏನಂದ?" ಎಂದು ಕಾಕಾ ಕೇಳಿದ.

"ಹಿಂಗ ಇಡ್ರಿ ಅಂದ" ಎಂದೆ. ಯಾಕೆ ಹಾಗೆಂದೆನೋ, ಬಾಯಿಗೆ ಬಂತು, ಆಡಿಬಿಟ್ಟೆ.

ಮೊಣಕಾಲು ನೋವೆಂದು ಕಾಕು ತನ್ನ ಪೆಟಗಿಯಲ್ಲೇ ಮಲಗಿದಳು. ನಾನು ಕಾಕಾನ ಪಕ್ಕದಲ್ಲಿ ಕುಳಿತೆ. ನವಲೂರಿನ ಇಳಿಜಾರಿನಲ್ಲಿ ಹಿಂದಿನ ಮನೆ ಮೆಲ್ಲಗೆ ಆ ಕಡೆ ಈ ಕಡೆ ತೂಗತೊಡಗಿತು. ಆಮೇಲೆ ಜೋರಾಯಿತು. ಸ್ಟೇರಿಂಗು ಕಾಕಾನ ಕೈಯಲ್ಲಿ ಒದ್ದಾಡಿತು. ಅವನು ಬ್ರೇಕ್ ತುಳಿದ. ಮನೆ ಉರುಳಿತು. ಕಾಕು ಆಸ್ಪತ್ರೆ ಮುಟ್ಟಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಕಾಕಾ ಹೇಳುತ್ತಿದ್ದದ್ದು ಒಂದೇ ಮಾತು: "ನಾ ಬ್ರೇಕ್ ತುಳೀಬಾರದಿತ್ತು." ನಾನು ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡೆ. ಒಂದು ಸಲವೂ ಬಾಯಿ ಬಿಡಲಿಲ್ಲ. ಆಮೇಲೆ ಅವನು ಸೈಕಲ್ಲನ್ನೂ ಮುಟ್ಟಲಿಲ್ಲ. ಪ್ರತಿ ರವಿವಾರ ಹೋಗಿ ಕೂತು ಬರುವುದನ್ನು ನಾನು ರೂಢಿ ಮಾಡಿಕೊಂಡೆ, ಅದನ್ನು ಜನ ನನ್ನ ಒಳ್ಳೆಯತನವೆಂದರು. ನಾನು ಎದ್ದಾಗಲೆಲ್ಲ ಕಾಕಾ "ಚಾ ಕುಡದು ಹೋಗು" ಎನ್ನುವನು. ನಮ್ಮ ಕಡೆ ಹಗೆಯನ್ನೂ ಚಹಾ ಕೊಡದೆ ಕಳಿಸುವುದಿಲ್ಲ.

ಈ ರವಿವಾರ ಪಟ್ಟಿಗಳನ್ನು ಸ್ಕೂಟರಿನಲ್ಲಿ ಒಯ್ದು ಅವನ ಮುಂದಿಟ್ಟೆ. ಮೇಸ್ತ್ರಿ ಹೇಳಿದ್ದು, ನಾನು ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ಕಾಕಾ ಹೆಬ್ಬೆರಳಿನಿಂದ ಗ್ರೀಸು ಒರೆಸಿ ನೋಡಿದ.

"ಹಿಂದ ಇಡಬ್ಯಾಡ್ರಿ ಅಂದಿದ್ನ?"

"ಹೌದು ಕಾಕಾ."

ತನ್ನ ಬಲಗಾಲನ್ನೇ ಬಹಳ ಹೊತ್ತು ನೋಡಿದ. "ಎಂಟು ವರ್ಷ ಈ ಕಾಲಿಗೆ ಬೈಕೋತ ಬಂದೆ" ಎಂದ.

ನಾನು ಎದ್ದೆ. ಹೊಸ್ತಿಲಾಚೆ ಚಪ್ಪಲಿ ಮೆಟ್ಟಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಒಳಗಿನಿಂದ ಚಹದ ಮಾತು ಬರಲಿಲ್ಲ.